ಪರಲೋಕಕ್ಕೆ ಮುಂದೂಡಿದ ನ್ಯಾಯ

ದುಃಖಿತರಿಗೆ ಸಾಂತ್ವನ ಹೇಳುವುದು ಧರ್ಮದ ಪುರಾತನ ಕರ್ತವ್ಯಗಳಲ್ಲೊಂದು. ಆದರೆ ಯಾರು ನಡೆಸಿದ ವ್ಯವಸ್ಥೆಯಿಂದ ದುಃಖವು ಬೆಳೆದು ನಿಂತಿದೆಯೋ ಅವರೇ ಸಾಂತ್ವನದ ಮಾತನ್ನೂ ಆಡತೊಡಗಿದರೆ, ಆ ಮಾತು ಎಷ್ಟೇ ಮೃದುವಾಗಿದ್ದರೂ ಅದರ ಫಲ ಬೇರೆಯೇ ಆಗುತ್ತದೆ. ಅಮೆರಿಕದ ದಕ್ಷಿಣ ಪ್ರಾಂತಗಳ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಒಡೆಯರು ಗೊತ್ತುಮಾಡಿದ ಬೋಧಕರು ಉಪದೇಶಿಸುತ್ತಿದ್ದುದು, ಇಹದಲ್ಲಿ ವಿಧೇಯರಾಗಿ ದುಡಿದವರಿಗೆ ಪರದಲ್ಲಿ ಪ್ರತಿಫಲವುಂಟು ಎಂದು. ಕಾಲಿಲ್ಲದವರಿಗೂ ಕಣ್ಣಿಲ್ಲದವರಿಗೂ ಅನೇಕ ದೇವಾಲಯಗಳಲ್ಲಿ ಇಂದಿಗೂ ಹೇಳುತ್ತಿರುವುದು, ಇಲ್ಲಿ ತಾಳ್ಮೆಯಿಂದಿದ್ದವರಿಗೆ ಅಲ್ಲಿ ಪರಿಪೂರ್ಣವಾದ ದೇಹ ದೊರೆಯುವುದೆಂದು. ಈ ಎರಡು ಉಪದೇಶಗಳೂ ಮೂಲದಲ್ಲಿ ಒಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನುಷ್ಯನು ಮನುಷ್ಯನಿಗೆ ಇಂದೇ ಸಲ್ಲಿಸಬೇಕಾದ ಋಣವನ್ನು ದೇವರ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವ ಯತ್ನ ಎರಡರಲ್ಲಿಯೂ ಇದೆ.

ಈ ವಿಷಯದಲ್ಲಿ ತಟಸ್ಥನಾಗಿ ಮಾತನಾಡಲು ನನಗೆ ಸಾಧ್ಯವಿಲ್ಲ. ನಾನು ಹುಟ್ಟಿದ್ದು ಕನ್ನಡ ಕ್ರೈಸ್ತ ಕುಟುಂಬದಲ್ಲಿ. ಶೈಶವದಲ್ಲಿಯೇ ಪೋಲಿಯೋ ತಗುಲಿ ಎಡಗಾಲು ಬತ್ತಿತು. ಶಾಲೆಗೆ ಮೊದಲು ಹೋದದ್ದೇ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ತಂದೆಯವರು ಸತ್ಯವೇದವನ್ನು ಓದುತ್ತಿರುವಾಗ, ಪ್ರವಾದಿ ಯೆಶಾಯನು ಕುಂಟರ ವಿಷಯವಾಗಿ ನುಡಿದ ಭವಿಷ್ಯವಾಣಿ ಬಂದಾಗಲೆಲ್ಲ ಮನೆಯವರ ದೃಷ್ಟಿ ಅರೆಕ್ಷಣ ನನ್ನ ಕಡೆಗೆ ತಿರುಗುತ್ತಿದ್ದಿತು. ಆ ದೃಷ್ಟಿಯಲ್ಲಿ ಪ್ರೀತಿಯಿದ್ದಿತೇ ಹೊರತು ಬೇರೇನೂ ಇರಲಿಲ್ಲ. ಆದರೆ ಊರಿಗೆ ಬಂದ ಸಂಚಾರಿ ಸುವಾರ್ತಿಕರೊಬ್ಬರು ಒಮ್ಮೆ ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿ, ಕ್ಯಾಲಿಪರನ್ನು ಕಳಚಿಸಿ, ನೆರೆದ ಸಭೆಯ ಮುಂದೆ ನಡೆಯೆಂದು ಅಪ್ಪಣೆಮಾಡಿದರು. ನಾನು ಬಿದ್ದೆ. ಮನೆಯವರ ವಿಶ್ವಾಸ ಸಾಲದೆಂದು ಅವರು ನಮ್ಮ ತಾಯಿಗೆ ಹೇಳಿಹೋದರು. ನನ್ನ ಬೀಳುವಿಕೆ ಮಕ್ಕಳ ಬೀಳುವಿಕೆಗಳಲ್ಲೊಂದಾಗಿ ಅಂದಿಗೇ ಮುಗಿಯಿತು. ಆ ಮಾತನ್ನು ತಾಯಿಯವರು ತಮ್ಮ ಕೊನೆಯವರೆಗೂ ಹೊತ್ತಿದ್ದರು. ದೇವರ ಮೇಲೆ ನನಗೆ ಆಗ ಕೋಪ ಬರಲಿಲ್ಲ, ಈಗಲೂ ಇಲ್ಲ. ಆದರೆ ದೇವರ ಹೆಸರಿನಲ್ಲಿ ಒಬ್ಬ ಸಾಧ್ವಿಯ ಹೆಗಲಿಗೆ ಅಂತಹ ಭಾರವನ್ನು ಏರಿಸುವ ಅಧಿಕಾರ ಯಾರಿಗೆ ಎಲ್ಲಿಂದ ಬಂದಿತೆಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮುಂದೆ ನಾನು ಓದಿದುದರಲ್ಲಿ ಬಹುಭಾಗ ಆ ಪ್ರಶ್ನೆಯ ಬೆನ್ನುಹತ್ತಿಯೇ ಓದಿದುದು.

ಉತ್ತರದ ಮೊದಲ ಎಳೆ ದೊರೆತದ್ದು, ನನ್ನ ಕಾಲಿಗಾಗಲಿ ನನ್ನ ಊರಿಗಾಗಲಿ ಯಾವ ಸಂಬಂಧವೂ ತೋರದ ಒಂದು ಪುಸ್ತಕದಲ್ಲಿ. ಕಪ್ಪು ಜನಾಂಗದ ದೈವಜ್ಞಾನಿ ಹೊವರ್ಡ್ ಥರ್ಮನ್ 1949ರಲ್ಲಿ ಪ್ರಕಟಿಸಿದ ‘ಜೀಸಸ್ ಅಂಡ್ ದಿ ಡಿಸ್‌ಇನ್ಹೆರಿಟೆಡ್’ ಎಂಬ ಆ ಚಿಕ್ಕ ಗ್ರಂಥದಲ್ಲಿ ಆತನ ಅಜ್ಜಿಯ ಪ್ರಸಂಗವೊಂದಿದೆ. ಗುಲಾಮಳಾಗಿ ಹುಟ್ಟಿದ ಆ ವೃದ್ಧೆಗೆ ಓದುಬರಹ ಬರುತ್ತಿರಲಿಲ್ಲ. ಮೊಮ್ಮಗನು ಆಕೆಗೆ ಬೈಬಲನ್ನು ಓದಿ ಹೇಳುತ್ತಿದ್ದನು. ಕೀರ್ತನೆಗಳು ಆಗಬಹುದು, ಸುವಾರ್ತೆಗಳು ಆಗಬಹುದು. ಆದರೆ ಪೌಲನ ಪತ್ರಗಳನ್ನು ಮಾತ್ರ, ಪ್ರೀತಿಯನ್ನು ಕುರಿತ ಆ ಒಂದು ಅಧ್ಯಾಯದ ಹೊರತು, ಆಕೆ ಓದಗೊಡುತ್ತಿರಲಿಲ್ಲ. ಕಾರಣವನ್ನು ಕೇಳುವ ಧೈರ್ಯ ಮೊಮ್ಮಗನಿಗೆ ಬಹುಕಾಲದ ಮೇಲೆ ಬಂದಿತು. ಗುಲಾಮಗಿರಿಯ ದಿನಗಳಲ್ಲಿ ಒಡೆಯನು ಕರೆತರುತ್ತಿದ್ದ ಬಿಳಿಯ ಬೋಧಕನು ಸದಾ ಪೌಲನ ಪತ್ರಗಳಿಂದಲೇ ವಾಕ್ಯವನ್ನೆತ್ತಿ, ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂದು ಸಾಧಿಸುತ್ತಿದ್ದನಂತೆ. ಬಿಡುಗಡೆಯಾಗಿ ಓದು ಕಲಿಯುವ ದಿನ ಬಂದರೂ ಆ ಭಾಗವನ್ನು ತಾನು ಓದೆನೆಂದು ಆಕೆ ಅಂದೇ ಸಂಕಲ್ಪ ಮಾಡಿದ್ದಳು. ಅಕ್ಷರವರಿಯದ ಆ ಮುದುಕಿಯಲ್ಲಿದ್ದ ವಿವೇಚನೆ ಎಷ್ಟು ಮಂದಿ ಪಂಡಿತ ವ್ಯಾಖ್ಯಾನಕಾರರಲ್ಲಿ ಉಂಟು! ಆಕೆ ಶ್ರದ್ಧೆಯನ್ನು ತೊರೆಯಲಿಲ್ಲ. ತನ್ನನ್ನು ಕುಗ್ಗಿಸಲು ಬಳಸಿದ ಮಾತನ್ನು ಮಾತ್ರ ತನ್ನ ಮನೆಯ ಬಾಗಿಲಿನಾಚೆ ನಿಲ್ಲಿಸಿದಳು. ಇದೇ ಥರ್ಮನ್ 1936ರಲ್ಲಿ ಭಾರತ ಪ್ರವಾಸಕ್ಕೆ ಬಂದಾಗ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಕಂಡು, ತನ್ನ ಜನರ ಸ್ಥಿತಿಗತಿಗಳನ್ನು ಕುರಿತು ಅವರೊಡನೆ ದೀರ್ಘವಾಗಿ ಸಂಭಾಷಿಸಿದ್ದನೆಂಬುದನ್ನು ನಮ್ಮಲ್ಲಿ ಇನ್ನೂ ಹೆಚ್ಚು ಮಂದಿ ತಿಳಿಯಬೇಕು.

ಆದರೆ ನನ್ನ ಪ್ರಶ್ನೆಯನ್ನು ದೇಹದಲ್ಲಿಯೇ ಹೊತ್ತು ನಡೆದವಳು ಫ್ಯಾನಿ ಲೂ ಹೇಮರ್. 1917ರ ಅಕ್ಟೋಬರ್ 6ರಂದು ಮಿಸಿಸಿಪ್ಪಿ ಪ್ರಾಂತದಲ್ಲಿ, ಪಾಲಿಗೆ ದುಡಿಯುವ ರೈತಕುಟುಂಬವೊಂದರ ಇಪ್ಪತ್ತು ಮಕ್ಕಳಲ್ಲಿ ಕಿರಿಯವಳಾಗಿ ಹುಟ್ಟಿದ ಈಕೆಗೆ ಬಾಲ್ಯದಲ್ಲಿ ಪೋಲಿಯೋ ಬಂದು ನಡಿಗೆ ಕುಂಟಾಯಿತು. ಆ ಕಾಲನ್ನೆಳೆದುಕೊಂಡೇ ಆರನೆಯ ವಯಸ್ಸಿನಿಂದ ಹತ್ತಿಯನ್ನು ಬಿಡಿಸಿದಳು. ಹೊಲದ ಕೆಲಸದಲ್ಲಿ ಕಣ್ಣಿಗೆ ಪೆಟ್ಟು ಬಿದ್ದು, ಚಿಕಿತ್ಸೆಯಿಲ್ಲದೆ, ಆಕೆಯ ತಾಯಿ ದೃಷ್ಟಿಯನ್ನೇ ಕಳೆದುಕೊಂಡಳು. ರೋಗ ಯಾರಿಗೆ ಬೇಕಾದರೂ ಬರಬಹುದು, ಪೆಟ್ಟು ಯಾರಿಗೆ ಬೇಕಾದರೂ ಬೀಳಬಹುದು. ಆದರೆ ವೈದ್ಯನು ಯಾರ ಮನೆಗೆ ಬರುವನು, ಯಾರ ಮನೆಗೆ ಬಾರನು ಎಂಬುದನ್ನು ಆ ನಾಡಿನಲ್ಲಿ ಚರ್ಮದ ಬಣ್ಣವೇ ನಿರ್ಣಯಿಸುತ್ತಿದ್ದಿತು. ಹೀಗೆ ನೋಡಿದರೆ, ನಾವು ದೈವಕೃತವೆಂದು ನಿಟ್ಟುಸಿರುಬಿಡುವ ಅಂಗವೈಕಲ್ಯಗಳಲ್ಲಿ ಎಷ್ಟು ಪಾಲು ಮನುಷ್ಯಕೃತವೆಂಬ ವಿಚಾರ ಭಯವನ್ನು ಹುಟ್ಟಿಸುತ್ತದೆ.

1961ರಲ್ಲಿ, ಗರ್ಭಕೋಶದಲ್ಲಿದ್ದ ಗೆಡ್ಡೆಯನ್ನು ತೆಗೆಯಿಸಿಕೊಳ್ಳಲೆಂದು ಆಸ್ಪತ್ರೆಗೆ ಹೋದ ಹೇಮರಳ ಗರ್ಭಕೋಶವನ್ನೇ ಆಕೆಯ ಅನುಮತಿಯಿಲ್ಲದೆ ತೆಗೆದುಹಾಕಲಾಯಿತು. ಬಡ ಕಪ್ಪು ಸ್ತ್ರೀಯರಿಗೆ ಇದು ಎಷ್ಟು ಸಾಮಾನ್ಯವಾಗಿ ಒದಗುತ್ತಿದ್ದಿತೆಂದರೆ, ಅದಕ್ಕೆ ಮಿಸಿಸಿಪ್ಪಿಯ ಅಪೆಂಡಿಕ್ಸ್ ಆಪರೇಷನ್ ಎಂಬ ಹೆಸರೇ ಬಿದ್ದಿತು. ಯಾರು ಸಂತಾನಕ್ಕೆ ಯೋಗ್ಯರು, ಯಾರು ಅಯೋಗ್ಯರು ಎಂದು ನಿರ್ಧರಿಸುವ ದರ್ಪ ಆ ದೇಶಕ್ಕೆ ಹೊಸದಾಗಿರಲಿಲ್ಲ. 1927ರಲ್ಲಿ ಬಕ್ ಮೊಕದ್ದಮೆಯ ತೀರ್ಪಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಮಂದಬುದ್ಧಿಯವಳೆಂದು ಹಣೆಪಟ್ಟಿ ಹಚ್ಚಿದ ಬಡ ಬಿಳಿಯ ತರುಣಿಯೊಬ್ಬಳಿಗೆ ಬಲವಂತದಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಎತ್ತಿಹಿಡಿದಿದ್ದಿತು. 1973ರಲ್ಲಿ ಅಲಬಾಮಾ ಪ್ರಾಂತದಲ್ಲಿ, ಓದುಬಾರದ ತಾಯಿಯಿಂದ ಕಾಗದದ ಮೇಲೆ ಗುರುತು ಹಾಕಿಸಿಕೊಂಡು, ಹನ್ನೆರಡು ಹದಿನಾಲ್ಕು ವಯಸ್ಸಿನ ಇಬ್ಬರು ಕಪ್ಪು ಬಾಲಕಿಯರಿಗೆ ಇದೇ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅಂಗವಿಕಲರ ಮೇಲೆ ಎತ್ತಿದ ಕತ್ತಿ ಕಪ್ಪು ಜನರ ಮೇಲೆಯೂ ಬೀಳದೆ ಇರಲಿಲ್ಲ. ದೇಹಗಳಲ್ಲಿ ಉತ್ತಮ ಅಧಮಗಳ ಶ್ರೇಣಿಯನ್ನು ಒಮ್ಮೆ ಒಪ್ಪಿದ ಮೇಲೆ ಆ ಶ್ರೇಣಿಯ ಕೆಳಗಿನ ಮೆಟ್ಟಿಲಲ್ಲಿ ಯಾರನ್ನು ನಿಲ್ಲಿಸಬೇಕೆಂಬುದು ಬಲಿಷ್ಠರ ಇಚ್ಛೆಯ ಮಾತಾಗಿಹೋಗುತ್ತದೆ.

1962ರ ಆಗಸ್ಟಿನಲ್ಲಿ ರೂಲ್‌ವಿಲ್ ಎಂಬ ಚಿಕ್ಕ ಊರಿನ ಚರ್ಚಿನಲ್ಲಿ ಕಾಲದ ಸೂಚನೆಗಳನ್ನು ಅರಿಯಬೇಕೆಂಬ ಸುವಾರ್ತಾವಾಕ್ಯದ ಮೇಲೆ ಪೌರಹಕ್ಕು ಚಳವಳಿಯ ಬೋಧಕ ಜೇಮ್ಸ್ ಬೆವೆಲ್ ಮಾಡಿದ ಪ್ರಸಂಗವನ್ನು ಕೇಳಿ, ನಲವತ್ತನಾಲ್ಕು ವಯಸ್ಸಿನ ಹೇಮರ್ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕೈಯೆತ್ತಿದಳು. ಅದುವರೆಗೆ ತನ್ನ ಜನರಿಗೆ ಮತದ ಹಕ್ಕುಂಟೆಂಬುದೇ ಆಕೆಗೆ ತಿಳಿದಿರಲಿಲ್ಲ. ಆಗಸ್ಟ್ 31ರಂದು ಹದಿನೇಳು ಮಂದಿಯೊಡನೆ ಹಳೆಯ ಬಸ್ಸಿನಲ್ಲಿ ಇಂಡಿಯಾನೋಲಾಕ್ಕೆ ಹೋದಳು. ಪ್ರಾಂತದ ಸಂವಿಧಾನದ ಜಟಿಲವಾದ ಭಾಗವೊಂದಕ್ಕೆ ಅರ್ಥ ಬರೆಯೆಂಬ ಪರೀಕ್ಷೆಯಲ್ಲಿ ಆಕೆಯನ್ನು ಅನುತ್ತೀರ್ಣಳನ್ನಾಗಿ ಮಾಡಿದರು. ಹಿಂದಿರುಗುವ ದಾರಿಯಲ್ಲಿ ಬಸ್ಸಿನ ಬಣ್ಣ ಅತಿಯಾಗಿ ಹಳದಿಯಾಗಿದೆಯೆಂದು ಪೊಲೀಸರು ದಂಡ ವಿಧಿಸಿದರು. ಒಳಗಿದ್ದವರೆಲ್ಲ ಭಯಪಟ್ಟು ಕುಳಿತಾಗ ಹೇಮರ್ ಭಕ್ತಿಗೀತೆಗಳನ್ನು ಹಾಡಿ ಅವರಿಗೆ ಧೈರ್ಯ ತುಂಬಿದಳು. ಹದಿನೆಂಟು ವರ್ಷ ದುಡಿದ ತೋಟದಿಂದ ಆಕೆಯನ್ನು ಅದೇ ರಾತ್ರಿ ಹೊರಹಾಕಲಾಯಿತು.

ಮರುವರ್ಷದ ಜೂನ್ 9ರಂದು ವಿನೋನಾದ ಬಸ್ಸು ನಿಲ್ದಾಣದಲ್ಲಿ ಸಂಗಡಿಗರೊಡನೆ ಬಂಧಿತಳಾದ ಆಕೆಯನ್ನು ಸೆರೆಮನೆಯಲ್ಲಿ ಮಲಗಿಸಿ, ಇಬ್ಬರು ಕಪ್ಪು ಕೈದಿಗಳಿಂದಲೇ ಬಲವಂತದಿಂದ ಹೊಡೆಯಿಸಿದರು. ಪೋಲಿಯೋದಿಂದ ಕ್ಷೀಣವಾಗಿದ್ದ ಬದಿಯನ್ನು ರಕ್ಷಿಸಿಕೊಳ್ಳಲು ಆಕೆ ಕೈಗಳನ್ನು ಅಡ್ಡ ಹಿಡಿದಳು. ಮೂತ್ರಪಿಂಡಗಳು ಜಖಂಗೊಂಡವು, ಕಣ್ಣಿನಲ್ಲಿ ರಕ್ತ ಹೆಪ್ಪುಗಟ್ಟಿತು, ಕುಂಟು ಹೆಚ್ಚಿತು. ಆ ಸ್ಥಿತಿಯಲ್ಲಿಯೂ, ಕುಡಿಯಲು ನೀರು ತಂದುಕೊಟ್ಟ ಜೈಲರನ ಹೆಂಡತಿ ತಾನು ಕ್ರೈಸ್ತಳಂತೆ ಬಾಳಲು ಯತ್ನಿಸುವೆನೆಂದಾಗ, ಮನೆಗೆ ಹೋಗಿ ಓದೆಂದು ಹೇಮರ್ ಸತ್ಯವೇದದ ಎರಡು ವಚನಗಳನ್ನು ಆಕೆಗೆ ಸೂಚಿಸಿದಳು: ಒಂದು, ಮುಚ್ಚಿಟ್ಟ ದ್ವೇಷ ಸಭೆಯ ಮುಂದೆ ಬಯಲಾಗುವುದೆಂಬ ಜ್ಞಾನೋಕ್ತಿ, ಇನ್ನೊಂದು, ಎಲ್ಲ ಜನಾಂಗಗಳ ಮೂಲವೂ ಒಂದೇ ಎಂಬ ಅಪೊಸ್ತಲರ ಕೃತ್ಯಗಳ ಮಾತು. ಪೆಟ್ಟು ತಿಂದವಳು ಪೆಟ್ಟು ಕೊಡಿಸಿದವರ ಮನೆಗೆ ಓದುವ ಪಾಠವನ್ನು ಗೊತ್ತುಮಾಡಿದ ಈ ಪ್ರಸಂಗವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನಿದ್ದೆ. ಸುವಾರ್ತಿಕರು ನಮ್ಮ ತಾಯಿಗೆ ಹೊರಿಸಿದ ಮಾತಿನ ಎದುರಿಗೆ ನಿಲ್ಲಬಲ್ಲ ವಿಶ್ವಾಸ ಇದು: ದೇಹ ಗುಣವಾಗುವುದನ್ನು ಕಾಯದೆ, ಅನುಮತಿಯನ್ನು ಬೇಡದೆ, ಗಾಯಗೊಂಡ ದೇಹದಿಂದಲೇ ಶಾಸ್ತ್ರವನ್ನು ಅರ್ಥಮಾಡಿ ಹೇಳುವ ಅಧಿಕಾರ. ಹೊಡೆಯಿಸಿದ ಅಧಿಕಾರಿಗಳನ್ನು ಆ ವರ್ಷದ ಕೊನೆಯಲ್ಲಿ ಬಿಳಿಯರೇ ತುಂಬಿದ್ದ ಜೂರಿ ನಿರ್ದೋಷಿಗಳೆಂದು ಬಿಟ್ಟಿತು.

ಇಂತಹವರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ, ಅಂಗವೈಕಲ್ಯವಿದ್ದಾಗ್ಯೂ ಇವರು ಮಹತ್ಕಾರ್ಯವನ್ನು ಸಾಧಿಸಿದರೆಂದು ಪ್ರಶಂಸಿಸುವುದುಂಟು. ನನಗೆ ಈ ಪ್ರಶಂಸೆ ಒಪ್ಪಿಗೆಯಾಗದು. ಗುಲಾಮರನ್ನು ರಹಸ್ಯವಾಗಿ ಉತ್ತರಕ್ಕೆ ಕರೆದೊಯ್ದು ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ ಹುಡುಗಿಯಾಗಿದ್ದಾಗ, ಮೇಲ್ವಿಚಾರಕನೊಬ್ಬನು ಮತ್ತೊಬ್ಬ ಗುಲಾಮನ ಕಡೆಗೆ ಎಸೆದ ತೂಕದ ಕಲ್ಲು ತಲೆಗೆ ಬಡಿದು, ಜೀವಮಾನವೆಲ್ಲ ಹಠಾತ್ತನೆ ನಿದ್ರೆಗೆ ಜಾರುವ ವ್ಯಾಧಿಗೆ ತುತ್ತಾದಳು. ಆ ನಿದ್ರೆಗಳಲ್ಲಿ ಕಂಡ ದರ್ಶನಗಳನ್ನು ದೇವರ ನಿರ್ದೇಶವೆಂದು ನಂಬಿಯೇ ಕತ್ತಲೆಯ ಕಾಡಿನಲ್ಲಿ ದಾರಿ ಹಿಡಿದಳು. ಆಕೆಯ ಶ್ರದ್ಧೆಯನ್ನು ಆಕೆಯ ಗಾಯದಿಂದ ಬಿಡಿಸಿ ತೋರಿಸುವುದು ಹೇಗೆ? ಸತ್ಯವೇದದಲ್ಲಿಯೂ, ಯಬ್ಬೋಕ್ ಹೊಳೆಯ ದಡದಲ್ಲಿ ದೇವರೊಡನೆ ರಾತ್ರಿಯೆಲ್ಲ ಹೋರಾಡಿದ ಯಾಕೋಬನಿಗೆ ಆಶೀರ್ವಾದವೂ ತೊಡೆಯ ಕುಂಟೂ ಒಂದೇ ಕೈಯಿಂದ ದೊರೆತವು. ಆ ಕುಂಟನ್ನು ಮುಚ್ಚಿಡುವ ಅಗತ್ಯ ಗ್ರಂಥಕರ್ತನಿಗೆ ತೋರಲಿಲ್ಲ.

ಹೇಮರ್ 1977ರ ಮಾರ್ಚ್ 14ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೂರು ವಾರಗಳ ಅನಂತರ, ಏಪ್ರಿಲ್ 5ರಂದು, ಸ್ಯಾನ್ ಫ್ರಾನ್ಸಿಸ್ಕೋ ನಗರದ ಸರ್ಕಾರಿ ಕಚೇರಿಯೊಂದರ ನಾಲ್ಕನೆಯ ಮಹಡಿಯನ್ನು ನೂರಕ್ಕೂ ಹೆಚ್ಚು ಅಂಗವಿಕಲರು ಹೊಕ್ಕು ಧರಣಿ ಕುಳಿತರು. 1973ರ ಪುನರ್ವಸತಿ ಕಾಯಿದೆಯ 504ನೆಯ ವಿಧಿಯಂತೆ, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಲ್ಲಿ ಭೇದವೆಣಿಸಕೂಡದು. ಜನಾಂಗಭೇದವನ್ನು ನಿಷೇಧಿಸಿದ 1964ರ ಕಾಯಿದೆಯ ವಾಕ್ಯವನ್ನೇ ಮಾದರಿಯಾಗಿಟ್ಟುಕೊಂಡು ರಚಿಸಿದ ವಿಧಿ ಅದು. ಆದರೆ ಅದನ್ನು ಜಾರಿಗೊಳಿಸುವ ನಿಯಮಗಳಿಗೆ ನಾಲ್ಕು ವರ್ಷವಾದರೂ ಸಹಿ ಬಿದ್ದಿರಲಿಲ್ಲ. ಧರಣಿಯ ಮುಂದಾಳುಗಳಲ್ಲಿ ಜೂಡಿತ್ ಹ್ಯೂಮನ್ ಎಂಬಾಕೆ ಪೋಲಿಯೋ ಪೀಡಿತೆ. ಬ್ರ್ಯಾಡ್ ಲೋಮ್ಯಾಕ್ಸ್ ಎಂಬಾತನು ಮಲ್ಟಿಪಲ್ ಸ್ಕ್ಲಿರೋಸಿಸ್ ವ್ಯಾಧಿಯಿಂದ ಗಾಲಿಕುರ್ಚಿ ಹಿಡಿದ ಕಪ್ಪು ತರುಣ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯ. ಆತನ ನೆರವಿಗೆ ಅದೇ ಪಕ್ಷದ ಚಕ್ ಜ್ಯಾಕ್ಸನ್ ಜೊತೆಗಿದ್ದನು. ಆ ಪಕ್ಷದವರು ದಿನವೂ ಬಿಸಿಯಾದ ಊಟವನ್ನು ಹೊತ್ತುತಂದು ಧರಣಿಯವರೆಲ್ಲರಿಗೂ ಬಡಿಸಿದರು. ಆ ವರ್ಷದ ಪುನರುತ್ಥಾನದ ಹಬ್ಬ, ಏಪ್ರಿಲ್ 10, ಈ ದಿನಗಳ ನಡುವೆಯೇ ಬಂದಿತು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿದ್ದಿತು. ಲೋಮ್ಯಾಕ್ಸ್ 1984ರಲ್ಲಿ ಮಡಿದನು. ಜನಾಂಗನ್ಯಾಯದ ಇತಿಹಾಸಗಳಲ್ಲಿ ಆತನ ಗಾಲಿಕುರ್ಚಿಯಾಗಲಿ, ಅಂಗವಿಕಲರ ಹೋರಾಟದ ಕಥನಗಳಲ್ಲಿ ಆತನ ಬಣ್ಣವಾಗಲಿ ಬಹುಕಾಲ ಕಾಣಿಸಲಿಲ್ಲ. ಎರಡು ಚಳವಳಿಗಳು ಒಂದೇ ಪಾತ್ರೆಯ ಅನ್ನವನ್ನು ಉಂಡ ದಿನಗಳನ್ನು ಎರಡರ ವಾರಸುದಾರರೂ ಮರೆತದ್ದು ನನಗೆ ಬಹಳ ವ್ಯಥೆಯನ್ನುಂಟುಮಾಡುತ್ತದೆ.

ದೈವಜ್ಞಾನದ ಕಡೆಯಿಂದ ಈ ಮಾತನ್ನು ನಿಸ್ಸಂದಿಗ್ಧವಾಗಿ ಆಡಿದವಳು ನ್ಯಾನ್ಸಿ ಈಸ್‌ಲೆಂಡ್. ಹುಟ್ಟಿನಿಂದಲೇ ಸೊಂಟದ ಮೂಳೆಗಳ ದೋಷವಿದ್ದು, ಶಸ್ತ್ರಚಿಕಿತ್ಸೆಗಳ ನಡುವೆಯೇ ಬೆಳೆದು, ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗಿದ್ದ ಈಕೆ 1994ರಲ್ಲಿ ‘ದಿ ಡಿಸೇಬಲ್ಡ್ ಗಾಡ್’ ಎಂಬ ಗ್ರಂಥವನ್ನು ಬರೆದು, ಲೂಕನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ನಮ್ಮ ಮುಂದೆ ಹೊಸದಾಗಿ ತೆರೆದಿಟ್ಟಳು. ಸತ್ತು ಎದ್ದುಬಂದ ಕ್ರಿಸ್ತನು ಭಯಭ್ರಾಂತರಾದ ಶಿಷ್ಯರಿಗೆ ತನ್ನ ಗುರುತಾಗಿ ತೋರಿಸಿದ್ದು ಕೈಕಾಲುಗಳನ್ನು. ಯೋಹಾನನ ಸುವಾರ್ತೆ ಹೇಳುವಂತೆ ಆ ಕೈಗಳಲ್ಲಿ ಮೊಳೆಯ ಗಾಯಗಳಿದ್ದವು. ಪುನರುತ್ಥಾನವು ಆ ಗಾಯಗಳನ್ನು ಅಳಿಸಲಿಲ್ಲ. ಮಹಿಮೆ ಹೊಂದಿದ ದೇಹವೇ ಘಾಸಿಗೊಂಡ ದೇಹವಾಗಿರುವಾಗ, ಪರಿಪೂರ್ಣತೆಗೆ ನಿಷ್ಕಳಂಕವಾದ ಅಂಗಾಂಗಗಳೇ ಲಕ್ಷಣವೆಂದು ಹೇಳಲು ನಮಗೆ ಎಲ್ಲಿಯ ಆಧಾರ? ಪುನರುತ್ಥಾನದ ಹಬ್ಬದಂದು ಆ ಅಧ್ಯಾಯವನ್ನು ವರ್ಷವರ್ಷವೂ ಕೇಳಿದ್ದ ನನಗೆ, ನನ್ನ ಕಾಲಿನ ವಿಷಯದಲ್ಲಿ ಅದಕ್ಕೆ ಹೇಳುವುದೇನಾದರೂ ಉಂಟೆಂದು ಯಾವ ಪ್ರಸಂಗಪೀಠದಿಂದಲೂ ಯಾರೂ ತಿಳಿಸಿರಲಿಲ್ಲ. ಈಸ್‌ಲೆಂಡ್ 2009ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡಳು.

ಇಲ್ಲಿ ಒಂದು ಆಕ್ಷೇಪಣೆಯನ್ನು ಗೌರವದಿಂದ ಎದುರಿಸಬೇಕು. ಗಾಯಗಳನ್ನು ಹೀಗೆ ಕೊಂಡಾಡುವುದರಿಂದ ಗಾಯಗೊಳಿಸಿದವರ ಪಾಪ ಮರೆಯಾಗುವುದಿಲ್ಲವೇ? ಕಪ್ಪು ಸ್ತ್ರೀಯರ ಅನುಭವದಿಂದ ದೈವಜ್ಞಾನವನ್ನು ಪುನಃ ಪರಿಶೀಲಿಸಿದ ಡೆಲೋರಿಸ್ ವಿಲಿಯಮ್ಸ್, ‘ಸಿಸ್ಟರ್ಸ್ ಇನ್ ದಿ ವಿಲ್ಡರ್ನೆಸ್’ ಎಂಬ 1993ರ ಗ್ರಂಥದಲ್ಲಿ, ಪರರ ಬದಲಿಗೆ ನೋಯುವುದನ್ನು ಪವಿತ್ರವೆಂದು ಸಾರುವ ಬೋಧನೆ ಆ ಸ್ತ್ರೀಯರ ಶೋಷಣೆಗೆ ಹೇಗೆ ಪೋಷಕವಾಯಿತೆಂಬುದನ್ನು ನಿಷ್ಠುರವಾಗಿ ತೋರಿಸಿದ್ದಾಳೆ. ಆಕೆಯ ಎಚ್ಚರಿಕೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ವಿನೋನಾದ ಪೆಟ್ಟುಗಳಲ್ಲಿ ಪಾವಿತ್ರ್ಯವೇನೂ ಇರಲಿಲ್ಲ, ಅವು ಅಪರಾಧ. 2014ರ ಮಾರ್ಚಿನಲ್ಲಿ ಭಾರತವು ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ ದಿನ ನನ್ನಷ್ಟು ಸಂತೋಷಪಟ್ಟವರು ಕಡಮೆ. ಇನ್ನೊಂದು ಮಗುವಿನ ಕಾಲು ಬತ್ತಬಾರದು. ಆದರೆ ರೋಗವನ್ನು ನಿವಾರಿಸಬೇಕೆಂಬ ಹಂಬಲ ಒಂದು. ರೋಗದ ಗುರುತನ್ನು ಹೊತ್ತ ಮನುಷ್ಯನನ್ನು ಅಪೂರ್ಣನೆಂದು ಎಣಿಸುವ ದೃಷ್ಟಿ ಇನ್ನೊಂದು. ಲಸಿಕೆಯ ಹನಿಯನ್ನು ಕುಡಿಸಿದ ಕೈಯಿಂದಲೇ ನಮ್ಮನ್ನು ಹೊರಗೆ ದೂಡಬೇಕಾದ ಅಗತ್ಯವಿಲ್ಲ.

ಇದೆಲ್ಲ ದೂರದೇಶದ ಮಾತೆಂದು ಭಾವಿಸುವವರು ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿಗೆ ಹೋಗಿ ನೋಡಬಹುದು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದವರ ಸಂತತಿಯಾದ ಸಿದ್ದಿಗಳು, ಹಿಂದೂಗಳಾಗಿ, ಮುಸಲ್ಮಾನರಾಗಿ, ಕ್ರೈಸ್ತರಾಗಿ ಅಲ್ಲಿ ಬಾಳುತ್ತಿದ್ದಾರೆ. ಪರಿಶಿಷ್ಟ ಪಂಗಡವೆಂಬ ಮನ್ನಣೆ ಅವರಿಗೆ ದೊರೆತದ್ದು 2003ರಲ್ಲಿ. ಕೂದಲನ್ನೂ ಬಣ್ಣವನ್ನೂ ನೋಡಿ ಕನ್ನಡಿಗರನ್ನೇ ಪರದೇಶಿಗಳೆಂದು ಕರೆಯುವ ದೃಷ್ಟಿಗೂ, ಊರುಗೋಲನ್ನು ನೋಡಿ ಪೂರ್ವದ ಪಾಪವೆಂದು ಎಣಿಸುವ ದೃಷ್ಟಿಗೂ ನಾನು ಭೇದವನ್ನು ಕಾಣಲಾರೆ.

1990ರಲ್ಲಿ ಅಮೆರಿಕವು ಅಂಗವಿಕಲರ ಹಕ್ಕುಗಳಿಗಾಗಿ ಮಹತ್ತರವಾದ ಕಾಯಿದೆಯನ್ನು ಮಾಡಿತು. ಅಂಗಡಿ, ಹೋಟೆಲು, ಚಿತ್ರಮಂದಿರಗಳೆಲ್ಲ ಅಂಗವಿಕಲರಿಗೆ ಪ್ರವೇಶವನ್ನು ಸುಗಮಗೊಳಿಸಬೇಕೆಂದು ವಿಧಿಸಿದ ಆ ಕಾಯಿದೆಯ ಭಾಗವು ಧಾರ್ಮಿಕ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಹೋಟೆಲಿನ ಮಾಲೀಕನಿಗೆ ಕಾಯಿದೆಯು ವಿಧಿಸಿದುದನ್ನು ದೇವರ ಸಭೆಗೆ ವಿಧಿಸಲಿಲ್ಲವೆಂದರೆ, ಸಭೆಯು ಅದನ್ನು ತಾನಾಗಿಯೇ ಮೊದಲು ಮಾಡಬೇಕಾಗಿದ್ದಿತು. ನಮ್ಮ 2016ರ ಕಾಯಿದೆ ಬಂದ ಮೇಲೆ ನಮ್ಮಲ್ಲಿಯೂ ಕೆಲವು ಚರ್ಚುಗಳ ಬಾಗಿಲಿಗೆ ಇಳಿಜಾರಿನ ದಾರಿ ಬಂದಿದೆ, ಸಂತೋಷ. ಆದರೆ ಅದು ಬಹುಮಟ್ಟಿಗೆ ಕೊನೆಯ ಬೆಂಚಿನ ಬಳಿಗೆ ತಂದುಬಿಡುವ ದಾರಿ. ಪ್ರಸಂಗಪೀಠಕ್ಕೆ ಹೋಗಲು ಇನ್ನೂ ಮೆಟ್ಟಿಲುಗಳೇ ಇವೆ. ಸಭೆಯ ಆಡಳಿತ ಸಮಿತಿಯಲ್ಲಿ ನಮ್ಮಂತಹವರ ಹೆಸರು ಅಪರೂಪ. ನಮ್ಮ ಪರವಾಗಿ ಪ್ರಾರ್ಥಿಸುವವರು ಅನೇಕರಿದ್ದಾರೆ, ಪ್ರಾರ್ಥನೆಯನ್ನು ನಡೆಸೆಂದು ನಮ್ಮನ್ನು ಕೇಳುವವರು ಕಡಮೆ. 1964ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಿಟಿಯ ಡೆಮೊಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಹೇಮರ್ ತನ್ನ ಪೆಟ್ಟುಗಳ ಸಾಕ್ಷ್ಯವನ್ನು ನುಡಿದಾಗ, ಅಧ್ಯಕ್ಷ ಜಾನ್ಸನ್ ಛಾಯಾಗ್ರಾಹಕರನ್ನು ತನ್ನ ಕಡೆಗೆ ಸೆಳೆಯಲು ಆತುರಾತುರವಾಗಿ ಪತ್ರಿಕಾಗೋಷ್ಠಿ ಕರೆದನು. ಆದರೂ ಅಂದು ಸಂಜೆ ದೂರದರ್ಶನ ಜಾಲಗಳು ಆಕೆಯ ಮಾತನ್ನೇ ದೇಶಕ್ಕೆಲ್ಲ ಕೇಳಿಸಿದವು. ಅನಂತರ, ಮಿಸಿಸಿಪ್ಪಿಯ ಪ್ರತಿನಿಧಿಗಳಾಗಿ ಮನ್ನಣೆ ಕೇಳಿ ಬಂದಿದ್ದ ಅವರಿಗೆ ರಾಜಿಯೆಂದು ನೀಡಿದ ಎರಡು ಸ್ಥಾನಗಳನ್ನು, ಬಂದವರೆಲ್ಲರ ಹಕ್ಕನ್ನು ಎರಡು ಕುರ್ಚಿಗಳಿಗೆ ಮಾರಲಾರೆವೆಂಬ ನಿಲುವಿನಿಂದ, ಆಕೆಯೂ ಸಂಗಡಿಗರೂ ನಿರಾಕರಿಸಿದರು. ಬಾಗಿಲಿನ ಇಳಿಜಾರು ನಮಗೆ ಸಾಕೆಂದು ತಿಳಿದಿರುವ ಹಿರಿಯರೊಡನೆ ನಾನು ವಾದಿಸುವುದು ಇದೇ ನೆಲೆಯಿಂದ. ಬರುವ ವರ್ಷದ ಆಯವ್ಯಯವನ್ನು ಸಿದ್ಧಪಡಿಸುತ್ತಿರುವ ಸಮಿತಿಗಳು ಪ್ರಸಂಗಪೀಠಕ್ಕೆ ಏರುವ ದಾರಿಯನ್ನೂ ಕಟ್ಟಿಸಲಿ. ಅದರ ಮೇಲೆ ಗಾಲಿಕುರ್ಚಿಯಲ್ಲಿ, ಊರುಗೋಲಿನಲ್ಲಿ ಬರುವವರಿಗೆ, ಅವರ ಕುಲವನ್ನೂ ಬಣ್ಣವನ್ನೂ ಕೇಳದೆ, ಭಾನುವಾರದ ಪ್ರಸಂಗವನ್ನು ವಹಿಸಲಿ.